ಹೊಟ್ಟೆಯೊಳಗೇ ಇಳಿಯುವ ಕರುಳು

ಭಾರವನ್ನೆತ್ತಿದಾಗ, ಇಲ್ಲವೆ ಬಲವಾಗಿ ಕೆಮ್ಮಿದಾಗ, ತೊಡೆಯ ಸಂದಿನಲ್ಲಿಯೋ ಹೊಕ್ಕುಳಿನ ಬಳಿಯಲ್ಲಿಯೋ ಗಂಟಿನಂತೆ ಉಬ್ಬಿಕೊಳ್ಳುವ ರೋಗವನ್ನು ವಾಚಕರು ಅರಿಯದವರಲ್ಲ. ಕರುಳು ಇಳಿದಿದೆಯೆಂದು ಜನರು ಹೇಳುವರು. ಹರ್ನಿಯವೆಂದು ವೈದ್ಯರು ಕರೆಯುವರು. ಆ ಉಬ್ಬು ಒಂದು ಬಗೆಯಲ್ಲಿ ಉಪಕಾರಿಯೇ ಸರಿ. ತಾನಿರುವೆನೆಂದು ಅದು ಮೊದಲೇ ಸಾರಿಬಿಡುವುದು. ಆದರೆ ಕರುಳು ಹೊರಗೆ ಬಾರದೆ, ಹೊಟ್ಟೆಯೊಳಗೇ ಇರುವ ಯಾವುದೋ ಸಂದಿನಲ್ಲಿ ನುಸುಳಿ ಸಿಕ್ಕಿಕೊಳ್ಳುವ ಇನ್ನೊಂದು ಬಗೆಯುಂಟು. ಅದಕ್ಕೆ ಹೊರಗೆ ಯಾವ ಗುರುತೂ ಇಲ್ಲ. ಕರುಳಿನ ದಾರಿ ಕಟ್ಟಿದ ನೂರು ಮಂದಿಯಲ್ಲಿ ಕೆಲವರಿಗೆ ಮಾತ್ರವೇ ಇದು ಕಾರಣವಾದರೂ, ಗುರುತಿಲ್ಲದಿರುವುದರಿಂದಲೇ ಇದನ್ನು ಕುರಿತು ಬರೆಯಬೇಕಾಗಿದೆ.

ಸಣ್ಣ ಕರುಳಿನ ಉದ್ದ ಸುಮಾರು 20 ಅಡಿ. ಬೀಸಣಿಗೆಯಂತೆ ಹರಡಿದ ತೆಳುವಾದ ಪೊರೆಯೊಂದು ಅದನ್ನು ಬೆನ್ನಿನ ಕಡೆಯ ಗೋಡೆಗೆ ಹಿಡಿದು ನಿಲ್ಲಿಸಿರುವುದು. ಕರುಳಿಗೆ ರಕ್ತವನ್ನೊಯ್ಯುವ ನಾಳಗಳು ಆ ಪೊರೆಯಲ್ಲಿಯೇ ಇವೆ. ಗರ್ಭಸ್ಥ ಶಿಶುವಿನ ಕರುಳು ಕೆಲವು ವಾರಗಳ ಕಾಲ ಹೊಕ್ಕುಳಬಳ್ಳಿಯಲ್ಲಿ ಬೆಳೆದು, ಹತ್ತನೆಯ ವಾರದ ಸುಮಾರಿಗೆ ಸುತ್ತುತಿರುಗುತ್ತ ಹೊಟ್ಟೆಗೆ ಮರಳುವುದು. ಬಳಿಕ ಪೊರೆಗಳು ಹಿಂಗೋಡೆಗೆ ಅಂಟಿಕೊಳ್ಳುವುವು. ಈ ಅಂಟುವಿಕೆ ಎಲ್ಲಿಯಾದರೂ ತಪ್ಪಿದರೆ ಅಲ್ಲಿ ಜೇಬಿನಂತಹ ಪೊಳ್ಳೊಂದು ಉಳಿಯುವುದು. ಹುಟ್ಟಿನಿಂದಲೇ ಬಂದ ಒಳಹರ್ನಿಯಗಳು ಹೆಚ್ಚಾಗಿ ಸಣ್ಣ ಕರುಳು ಆರಂಭವಾಗುವ ಕಡೆಯಲ್ಲಿ, ಅದರಲ್ಲಿಯೂ ಎಡಮಗ್ಗುಲಲ್ಲಿ, ಕಂಡುಬರುತ್ತವೆ. ಪ್ರಾಗ್ ನಗರದ ಟ್ರೈಟ್ಸ್ ಎಂಬ ವೈದ್ಯನು 1857ರಲ್ಲಿ ಇವನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಕ್ಷಕಿರಣಗಳಿನ್ನೂ ತಿಳಿಯದಿದ್ದ ಕಾಲವದು.

ಹಿಂದೆ ಮಾಡಿದ ಶಸ್ತ್ರಚಿಕಿತ್ಸೆಯಿಂದಲೂ ಇಂತಹ ಸಂದು ಉಂಟಾಗಬಹುದು. ಸ್ಥೂಲಕಾಯವನ್ನು ಇಳಿಸಲೆಂದು ಜಠರವನ್ನು ಕಿರಿದುಮಾಡಿ ಅದಕ್ಕೆ ಕರುಳನ್ನು ಬೇರೆ ದಾರಿಯಿಂದ ಜೋಡಿಸಿಕೊಂಡವರಲ್ಲಿ ವರ್ಷಗಳ ಮೇಲೆಯೂ ಈ ಅಪಾಯವುಂಟು.

ಲಕ್ಷಣಗಳೇ ಮನೆಯವರನ್ನು ಮೋಸಗೊಳಿಸುವುವು. ಕರುಳು ಜೇಬಿನೊಳಕ್ಕೆ ಹೊಕ್ಕು ತಾನಾಗಿಯೇ ಹೊರಬೀಳುವುದುಂಟು. ಆದುದರಿಂದ ಊಟವಾದ ಮೇಲೆ ಹೊಟ್ಟೆ ಹಿಂಡಿದಂತಾಗಿ, ಮಗ್ಗುಲು ಬದಲಿಸಿ ಮಲಗಿದರೆ ಶಮನವಾಗುವ ನೋವು ವರ್ಷಾನುಗಟ್ಟಲೆ ಬಂದುಹೋಗುತ್ತಿರಬಹುದು. ವಾಯುವೆಂದು ಹೇಳಿ ಓಮದ ಕಷಾಯ ಕೊಟ್ಟು ಸುಮ್ಮನಾಗುವರು. ಕಷಾಯವನ್ನು ನಾನು ಹಳಿಯುವುದಿಲ್ಲ; ನೂರಕ್ಕೆ ತೊಂಬತ್ತು ಹೊಟ್ಟೆನೋವುಗಳಿಗೆ ಅಷ್ಟೇ ಸಾಕೆಂದು ಬೇಕಾದರೂ ಒಪ್ಪುವೆನು. ಆದರೆ ನೋವು ಅಲೆ‌ಅಲೆಯಾಗಿ ಏರುತ್ತ, ವಾಂತಿಯು ನಿಲ್ಲದೆ, ಅದರ ಬಣ್ಣ ಹಸುರಾಗಿ, ಹೊಟ್ಟೆ ಉಬ್ಬಿ, ಮಲವಷ್ಟೇ ಅಲ್ಲದೆ ವಾಯುವೂ ಸರಿಯದೆ ಹೋದರೆ ಅದು ಅಜೀರ್ಣವಲ್ಲ. ಹೊಟ್ಟೆ ಕಟ್ಟಿದೆಯೆಂದು ಹಿರಿಯರು ಆಗ ಹರಳೆಣ್ಣೆಯ ಸೀಸೆಗೆ ಕೈಹಾಕುವುದು ಸಹಜ, ಹಾಗೆ ಮಾಡಕೂಡದು. ಮುಚ್ಚಿದ ದಾರಿಗೆ ಎದುರಾಗಿ ಕರುಳನ್ನು ದೂಡಿದರೆ ಅದು ಒಡೆಯಬಹುದು. ಹೊಟ್ಟೆಯನ್ನು ನೀವಿಸುವುದೂ ಬೇಡ, ಅನ್ನಪಾನಗಳೂ ಬೇಡ. ಸಿಕ್ಕಿದ ಕರುಳಿನ ರಕ್ತನಾಳವು ಹಿಂಡಿಹೋದರೆ ಕೆಲವೇ ಗಂಟೆಗಳಲ್ಲಿ ಅದು ಕಪ್ಪಾಗಿ ಸಾಯತೊಡಗುವುದು. ಬೆಳಗಾಗಲೆಂದು ಕಾಯದೆ, ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ರಾತ್ರಿಯಲ್ಲಿಯೇ ಹೋಗತಕ್ಕದ್ದು. ಹಿಂದೆಯೂ ಇಂತಹ ನೋವು ಬಂದಿದ್ದರೆ, ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದರೆ, ಅದನ್ನು ಮರೆಯದೆ ಹೇಳತಕ್ಕದ್ದು.

ಟ್ರೈಟ್ಸನ ಕಾಲದಲ್ಲಿ ಕಾಣಸಿಗದಿದ್ದುದು ಈಗ ಸಿ.ಟಿ. ಯಂತ್ರದ ಚಿತ್ರದಲ್ಲಿ ಬಹುಮಟ್ಟಿಗೆ ಕಾಣುವುದು: ಚೀಲದೊಳಗೆ ತುಂಬಿದಂತೆ ಒಂದೆಡೆ ಗುಂಪಾದ ಕರುಳಿನ ಸುರುಳಿಗಳು. ಶಸ್ತ್ರವೈದ್ಯರು ಅವನ್ನು ಮೆಲ್ಲನೆ ಹೊರಗೆಳೆದು, ಸತ್ತ ಭಾಗವಿದ್ದರೆ ಕತ್ತರಿಸಿ ತೆಗೆದು, ಸಂದನ್ನು ಹೊಲಿದು ಮುಚ್ಚುವರು. ಎಡಮಗ್ಗುಲಿನ ಜೇಬಿನ ಅಂಚಿನಲ್ಲಿಯೇ ದೊಡ್ಡ ಕರುಳಿನಿಂದ ಬರುವ ರಕ್ತನಾಳವೊಂದು ಹರಿಯುವುದರಿಂದ, ಬಾಯಿ ಕಿರಿದೆಂದು ಅದನ್ನು ಕತ್ತರಿಸಿ ಅಗಲಮಾಡಲು ಅವರೂ ಅಂಜುವರು.