ಹಿತ್ತಲಿನಲ್ಲಿ ಜೇನಿಗೂ ಒಂದಿಷ್ಟು ಜಾಗ

"ಕುಂಬಳದ ಬಳ್ಳಿ ಹುಲುಸಾಗಿ ಹಬ್ಬಿದೆ, ಹೂವಿಗೇನೂ ಕೊರತೆಯಿಲ್ಲ, ಆದರೆ ಹೀಚು ಹಳದಿಯಾಗಿ ಉದುರಿಹೋಗುತ್ತದೆ. ಯಾವ ಗೊಬ್ಬರ ಹಾಕಬೇಕು?" ಮಳಿಗೆಗೆ ಬರುವ ಸದಸ್ಯರು ನಮ್ಮನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದು. ಸೌತೆಕಾಯಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸೊಟ್ಟಗಾಗಿ ಬೆಳೆಯುತ್ತದೆ ಎನ್ನುವವರೂ ಉಂಟು. ಇಂಥವರಿಗೆ ಗೊಬ್ಬರದ ಚೀಲವನ್ನೋ ಔಷಧಿಯ ಬಾಟಲಿಯನ್ನೋ ಕೊಟ್ಟು ಕಳಿಸುವುದು ಸುಲಭ. ಆದರೆ ಅದು ಸರಿಯಾದ ಉತ್ತರವೇ ಎಂಬುದನ್ನು ಸದಸ್ಯ ಬಂಧುಗಳು ಒಂದು ಚಿಕ್ಕ ಪರೀಕ್ಷೆ ಮಾಡಿ ತಾವೇ ಕಂಡುಕೊಳ್ಳಬಹುದು.

ಕುಂಬಳದ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಇರುತ್ತದೆ, ಗಂಡಿಗೆ ಬರೀ ತೊಟ್ಟು. ಎರಡೂ ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಬಾಡಿಹೋಗುತ್ತವೆ. ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಒಂದು ಗಂಡು ಹೂವನ್ನು ಕಿತ್ತು, ಎಸಳು ಸುಲಿದು, ಅದರ ಪರಾಗವನ್ನು ಎರಡು ಮೂರು ಹೆಣ್ಣು ಹೂಗಳ ನಡುವಿಗೆ ಮೆತ್ತಗೆ ಸವರಿ, ತೊಟ್ಟಿಗೆ ದಾರ ಕಟ್ಟಿ ಗುರುತು ಮಾಡಿರಿ. ದಾರ ಕಟ್ಟಿದ ಹೀಚು ನಿಂತು ಪಕ್ಕದ್ದು ಉದುರಿದರೆ ನಿಮ್ಮ ಬಳ್ಳಿಗೆ ಬೇಕಾಗಿರುವುದು ಗೊಬ್ಬರವಲ್ಲ, ಜೇನುಹುಳು. ನೀರಿನ ಕೊರತೆಯಿಂದಲೂ ಕಾಯಿನೊಣದಿಂದಲೂ ಹೀಚು ಉದುರುವುದುಂಟು. ಆಗ ದಾರ ಕಟ್ಟಿದ್ದೂ ಉದುರುತ್ತದೆ. ಈ ಪರೀಕ್ಷೆಗೆ ಖರ್ಚು ಒಂದು ಗೇಣು ದಾರ.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಜೇನಿನ ನಾಲ್ಕು ಜಾತಿಗಳು ಹಿಂದಿನಿಂದಲೂ ಇವೆ. ಬಂಡೆಯ ಮಗ್ಗುಲಲ್ಲೂ ಎತ್ತರದ ಮರಗಳಲ್ಲೂ ಬಯಲಲ್ಲೇ ದೊಡ್ಡ ಹಲ್ಲೆ ಕಟ್ಟುವ ಹೆಜ್ಜೇನು; ಪೊಟರೆ, ಹುತ್ತ, ಕಲ್ಲುಗೋಡೆಯ ಸಂದುಗಳಲ್ಲಿ ಹಲವು ಹಲ್ಲೆ ಕಟ್ಟುವ ತುಡುವೆ; ಬೇಲಿಯ ಪೊದೆಯಲ್ಲಿ ಕಡ್ಡಿಗೆ ಅಂಟಿಕೊಂಡು ಅಂಗೈಯಗಲ ಹಲ್ಲೆ ಕಟ್ಟುವ ಕೋಲುಜೇನು; ಗೋಡೆಯ ತೂತಿನಲ್ಲಿ ಮೇಣದ ಕೊಳವೆ ಮಾಡಿಕೊಂಡು ಬದುಕುವ, ಕಚ್ಚಲು ಕೊಂಡಿಯೇ ಇಲ್ಲದ ನಸರುಜೇನು. ಇವಲ್ಲದೆ ಒಣಮರ, ಬಿದಿರು ಕೊರೆದು ಒಂಟಿಯಾಗಿರುವ ಕಪ್ಪು ದುಂಬಿಗಳು. ಮಾಗಡಿಯ ಕಡೆ ಅವರೆ ಹೊಲದಲ್ಲಿ ಗುಂಯ್‌ಗುಡುತ್ತ ಹಾರುವ ಆ ದೊಡ್ಡ ದುಂಬಿಯನ್ನು ಕಂಡು ಹೆದರುವವರೇ ಹೆಚ್ಚು. ಅವರೆ ಹೂವಿನ ಬಿಗಿಯಾದ ಬಾಯಿ ಬಿಡಿಸಲು ಅಂಥ ಗಟ್ಟಿ ಮೈಯವರೇ ಬೇಕು.

ಇವೆಲ್ಲ ಕಡಿಮೆಯಾಗಲು ಒಂದೇ ಕಾರಣ ಹೇಳಿ ಕೈತೊಳೆದುಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ. ಮಣ್ಣಿನ ಗೋಡೆಯ ಮನೆ ಹೋಗಿ ಸಿಮೆಂಟಿನ ಮನೆ ಬಂದಾಗ ನಸರುಜೇನಿನ ಮನೆಯೂ ಹೋಯಿತು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಸಾಸಿವೆ, ಹುಚ್ಚೆಳ್ಳು, ಹರಳು ಹಾಕುತ್ತಿದ್ದುದು ಬಹಳ ಕಡೆ ನಿಂತಿದೆ. ಹುಚ್ಚೆಳ್ಳಂತೂ ಹುಳು ಬಂದು ಬೇರೆ ಗಿಡದ ಪರಾಗ ತಂದು ಕೊಡದಿದ್ದರೆ ಸರಿಯಾಗಿ ಕಾಳು ಕಟ್ಟದ ಗಿಡ. ಅದು ಜೇನನ್ನು ಸಾಕುತ್ತಿತ್ತು, ಜೇನು ಅದನ್ನು ಸಾಕುತ್ತಿತ್ತು. ತೋಟದ ಕಾಲುವೆಗೆ ಬದಲು ಹನಿ ನೀರಾವರಿ ಬಂದದ್ದು ಒಳ್ಳೆಯದೇ, ಇಂದಿನ ಕೊಳವೆಬಾವಿಯ ಕಾಲದಲ್ಲಿ ಬೇರೆ ದಾರಿಯೂ ಇಲ್ಲ. ಆದರೆ ಜೇನು ಕೂತು ನೀರು ಕುಡಿಯುತ್ತಿದ್ದ ಒದ್ದೆ ಅಂಚು ಅದರೊಡನೆ ಮಾಯವಾಯಿತು. 1991-92ರ ಸುಮಾರಿಗೆ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಪೆಟ್ಟಿಗೆಯ ತುಡುವೆ ಸಂಸಾರಗಳಲ್ಲಿ ಬಹುಪಾಲನ್ನು ನೆಲಕಚ್ಚಿಸಿತು. ಮರಿಹುಳು ಚೀಲದಂತೆ ನೀರು ತುಂಬಿಕೊಂಡು ಸಾಯುವ ರೋಗ ಅದು. ಜೇನಿಗೆ ಹೆಸರಾದ ಕೊಡಗೇ ಆ ಹೊಡೆತದಿಂದ ಚೇತರಿಸಿಕೊಳ್ಳಲು ವರ್ಷಗಟ್ಟಲೆ ಹೆಣಗಿತು.

ಇಷ್ಟರ ಮೇಲೆ ಹೂವಿನ ಕಾಲದಲ್ಲಿ ಹೊಡೆಯುವ ಕೀಟನಾಶಕ. ನಮ್ಮ ಕೈಯಲ್ಲಿ ನೇರವಾಗಿ ಇರುವುದು ಇದೊಂದೇ ಆದ್ದರಿಂದ ಇದರ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು.

ಈ ಜಿಲ್ಲೆ ಹುಳುವಿನಿಂದ ಬದುಕುವ ಜಿಲ್ಲೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾದರೂ ಆ ಮಾತು ಬದಲಾಗಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆ ನಿಂತಿರುವುದು ಒಂದು ಹುಳುವಿನ ಮೇಲೆ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗು ಇನ್ನೊಂದು ಹುಳುವಿನ ಮೈಯಿಂದ ಬಂದದ್ದು. ರೇಷ್ಮೆ ಸಾಕಿದ ಮನೆಯವರಿಗೆ ಔಷಧಿಯ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ತೋಟದವನು ಮಾವಿಗೋ ಟೊಮೇಟೊಗೋ ಔಷಧಿ ಹೊಡೆದು, ಗಾಳಿ ಹಿಪ್ಪುನೇರಳೆಯ ಕಡೆ ಬೀಸಿದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಸೊಪ್ಪು ಬಿಡಿಸುವುದನ್ನು ನಿಲ್ಲಿಸುತ್ತಾರೆ, ಬೇಲಿಯ ಬಳಿ ನಿಂತು ಜಗಳವಾಡುತ್ತಾರೆ, ಹುಳು ಮನೆಗೆ ಹೋಗುವ ಮುಂಚೆ ಕೈಕಾಲು ತೊಳೆಯುತ್ತಾರೆ. ಅದೇ ಮನೆಯವರು ತಮ್ಮ ಹಿತ್ತಲಿನ ಅವರೆಗೆ ಹೇನು ಹತ್ತಿತೆಂದು ಹೂವಿನ ಮೇಲೇ ಹಾಡಹಗಲಲ್ಲಿ ಔಷಧಿ ಹೊಡೆಯುವುದನ್ನು ನಾವು ಕಂಡಿದ್ದೇವೆ. ರೇಷ್ಮೆಹುಳು ಸತ್ತರೆ ತಟ್ಟೆಯಲ್ಲಿ ಕಣ್ಣಿಗೆ ಕಾಣುತ್ತದೆ, ಲೆಕ್ಕಕ್ಕೂ ಸಿಗುತ್ತದೆ. ಜೇನು ಹೊಲದ ನಡುವೆ ಎಲ್ಲೋ ಬಿದ್ದು ಸಾಯುವುದರಿಂದ ಅದರ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ.

ಕಾಣದೆ ಆಗುವ ನಷ್ಟ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ರಾಮದೇವರ ಬೆಟ್ಟದ ಕಡೆ ನೋಡಿದರೆ ಸಾಕು. ಅಲ್ಲಿ 2012ರಲ್ಲಿ ರಣಹದ್ದುಗಳ ಧಾಮ ಘೋಷಣೆಯಾಯಿತು. ದೇಶದ ರಣಹದ್ದುಗಳನ್ನು ಆ ಸ್ಥಿತಿಗೆ ತಂದದ್ದು ಬಂದೂಕವಲ್ಲ. ದನಕ್ಕೆ ನೋವು ಕಳೆಯಲೆಂದು ಕೊಡುತ್ತಿದ್ದ ಡೈಕ್ಲೊಫಿನ್ಯಾಕ್ ಎಂಬ ಮದ್ದು. ಜಾನುವಾರುಗಳಿಗೆ ಅದನ್ನು ಕೊಡಬಾರದೆಂದು 2006ರಲ್ಲಿ ಸರ್ಕಾರ ನಿಷೇಧಿಸುವ ಹೊತ್ತಿಗೆ ಹದ್ದುಗಳು ಬಹುತೇಕ ಮುಗಿದೇ ಹೋಗಿದ್ದವು.

ಇನ್ನು ನಮ್ಮ ಬೆಳೆಗಳ ಮಾತು. ಜೇನಿಲ್ಲದಿದ್ದರೆ ಅಡಿಕೆಯೇ ಇಲ್ಲ ಎಂದು ಕೆಲವರು ಭಾಷಣ ಮಾಡುತ್ತಾರೆ. ನಾವು ಹಾಗೆ ಹೇಳುವುದಿಲ್ಲ. ಅಡಿಕೆಯ ಹೊಂಬಾಳೆಯಲ್ಲಿ ಗಂಡು ಹೂಗಳು ಮೊದಲು ಅರಳಿ ಮುಗಿದು ಆಮೇಲೆ ಹೆಣ್ಣು ಹೂಗಳ ಸರದಿ. ಬೇರೆ ಮರದ ಪರಾಗ ಬರಬೇಕು, ಅದನ್ನು ತರುವುದು ಮುಖ್ಯವಾಗಿ ಗಾಳಿ. ಜೇನು ಅಡಿಕೆಗೆ ಬರುವುದು ತನಗೆ ಪರಾಗ ಬೇಕೆಂದು. ತೆಂಗಿನ ಮಾತು ಬೇರೆ. ಗಾಳಿಯ ಜೊತೆಗೆ ಜೇನೂ ಅಲ್ಲಿ ದೊಡ್ಡ ಕೆಲಸ ಮಾಡುತ್ತದೆ, ಮತ್ತು ವರ್ಷವಿಡೀ ಹೊಸ ಹೊಂಬಾಳೆ ಒಡೆಯುವ ತೆಂಗು ಜೇನಿಗೆ ಬರಗಾಲದ ಉಗ್ರಾಣ. ಮಾವಿನ ಹೂವಿಗೆ ಬರುವವರಲ್ಲಿ ನೊಣಗಳೇ ಹೆಚ್ಚು, ನಸರುಜೇನು ಅದರ ನಂತರ. ಮಲೆನಾಡಿನ ಕಾಫಿ ಬೆಳೆಗಾರ ಬಂಧುಗಳಿಗೆ ಒಂದು ಮಾತು: ರೊಬಸ್ಟ ತನ್ನ ಪರಾಗದಿಂದಲೇ ಕಾಯಿ ಕಟ್ಟದ ಗಿಡ. ಅರೇಬಿಕ ಕಟ್ಟುತ್ತದೆ, ಆದರೂ ಕೋಸ್ಟರಿಕದ ಒಂದು ತೋಟದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಡಿಗೆ ಒಂದು ಕಿಲೋಮೀಟರಿನೊಳಗಿನ ಕಾಫಿಗೆ ಸುಮಾರು ಶೇ. 20ರಷ್ಟು ಹೆಚ್ಚು ಇಳುವರಿ ಬಂದಿತ್ತು, ಒಂಟಿ ಬೀಜದ ಪೀಬೆರಿಯೂ ಕಡಿಮೆಯಾಗಿತ್ತು. ಹೂಮಳೆ ಬಿದ್ದು ಕಾಫಿ ಅರಳಿದ ಎರಡು ಮೂರು ದಿನ ಜೇನು ಬೇಕು. ಉಳಿದ ದಿನಗಳಲ್ಲಿ ಅದು ಬದುಕಿರಲು ಬೇರೆ ಹೂ ಬೇಕು.

ಆ ಬೇರೆ ಹೂ ಸಿಗುವ ಜಾಗವೇ ಹಿತ್ತಲು. ಅಲ್ಲಿ ಮಾಡಬೇಕಾದದ್ದು ಖರ್ಚಿನ ಕೆಲಸವಲ್ಲ, ಬಹುಪಾಲು ಮನೆಯ ಹೆಣ್ಣುಮಕ್ಕಳಿಗೆ ಗೊತ್ತಿರುವ ಕೆಲಸ. ನುಗ್ಗೆ ಮರ ಒಂದಿದ್ದರೆ ಬೆಳಗಿನ ಹೊತ್ತು ಅದರ ಸದ್ದು ಕೇಳಿರಿ. ಕೊತ್ತಂಬರಿ ಮಡಿಯನ್ನೆಲ್ಲ ಕಿತ್ತು ಸಾರಿಗೆ ಹಾಕದೆ ಒಂದು ಸಾಲು ಹೂವಿಗೆ ಬಿಡಿರಿ, ಬಿತ್ತನೆಗೂ ಆಯಿತು. ಸಾಸಿವೆ, ಮೂಲಂಗಿಯೂ ಹಾಗೆಯೇ. ತುಳಸಿಯ ಕದಿರನ್ನು ಎಲ್ಲ ಗಿಡದಲ್ಲೂ ಚಿವುಟಬೇಡಿ. ಸೀಬೆ, ನಿಂಬೆ, ಕರಿಬೇವು, ಬೇಲಿಯಲ್ಲಿ ಹೊಂಗೆ, ಬೇವು. ಯುಗಾದಿಯ ಆಸುಪಾಸಿನಲ್ಲಿ ಇವು ಹೂ ಬಿಟ್ಟರೆ, ಹುಣಸೆ ಮುಂಗಾರಿನ ಬಾಗಿಲಲ್ಲಿ ಬಿಡುತ್ತದೆ. ಕಷ್ಟ ಬರುವುದು ನಡು ಮಳೆಗಾಲದಲ್ಲಿ. ಆಗ ಜೇನನ್ನು ಕಾಯುವುದು ನಾವು ಕಳೆ ಎನ್ನುವ ಗಿಡಗಳೇ: ಮುಟ್ಟಿದರೆ ಮುನಿಯ ಪರಾಗ, ತುಂಬೆಯ ಬಿಳಿ ಹೂ. ಶಿವನಿಗೆ ಏರಿಸುವ ತುಂಬೆಯನ್ನೇ ಕಳೆನಾಶಕ ಹೊಡೆದು ಸುಟ್ಟು, ಹಬ್ಬದ ದಿನ ಬುಟ್ಟಿ ಹಿಡಿದು ಪಕ್ಕದೂರಿನಲ್ಲಿ ಹುಡುಕುವವರಿದ್ದಾರೆ. ಬೇಲಿಯ ಅಂಚಿನಲ್ಲಿ ಒಂದು ಮಾರು ಅಗಲ ಬಿಟ್ಟುಬಿಡಿ, ಅಷ್ಟರಿಂದ ತೋಟ ಹಾಳಾಗುವುದಿಲ್ಲ.

ನೀರಿಗೆ ಒಂದು ಅಗಲವಾದ ಮಣ್ಣಿನ ಬೋಗುಣಿ, ಅದರೊಳಗೆ ಕಾಲೂರಲು ಬೆಣಚುಕಲ್ಲು ಅಥವಾ ತೆಂಗಿನ ನಾರು. ಸೊಳ್ಳೆಯಾಗದಂತೆ ಎರಡು ದಿನಕ್ಕೊಮ್ಮೆ ಬದಲಿಸಬೇಕು. ಹಳೆಯ ಗೋಡೆ ಕೆಡವುವಾಗ ನಸರುಜೇನು ಸಿಕ್ಕರೆ ಸುಣ್ಣ ಬಳಿದು ಮುಚ್ಚಿಬಿಡುವ ಬದಲು ಆ ಗೂಡನ್ನು ಚಿಕ್ಕ ತೂತಿನ ಮಡಕೆಗೋ ಬಿದಿರಿನ ಅಂಡೆಗೋ ವರ್ಗಾಯಿಸಿ ಸೂರಿನ ಕೆಳಗೆ ಕಟ್ಟಬಹುದು. ಮಕ್ಕಳಿರುವ ಮನೆಗೂ ಅಪಾಯವಿಲ್ಲ.

ಪೆಟ್ಟಿಗೆ ಇಡಬೇಕೇ ಎಂದು ಕೇಳುವವರಿಗೆ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ: ಮೊದಲು ಹೂವಿನ ಏರ್ಪಾಡಾಗಲಿ. 2020ರಲ್ಲಿ ಕೇಂದ್ರ ಸರ್ಕಾರ ಜೇನು ಸಾಕಣೆಗೆಂದು ರಾಷ್ಟ್ರೀಯ ಮಿಷನ್ ಆರಂಭಿಸಿದ ಮೇಲೆ ಸಹಾಯಧನದ ಮಾತು ಎಲ್ಲ ಕಡೆ ಕೇಳುತ್ತಿದೆ. ಸಹಾಯಧನಕ್ಕೆಂದು ಪೆಟ್ಟಿಗೆ ತಂದು, ಜೇನು ಎದ್ದುಹೋದ ಮೇಲೆ ಅದರಲ್ಲಿ ಕೋಳಿ ಮೊಟ್ಟೆಯಿಡುವ ಮನೆಗಳು ಹೆಚ್ಚಾಗುವುದು ಬೇಡ. ನಿಜವಾದ ಆಸಕ್ತಿಯಿದ್ದವರು ನಮ್ಮ ನೆಲದ ತುಡುವೆಯನ್ನೇ ಸಾಕಲಿ. ಅದಕ್ಕೆ ಹೊಂದುವ ಚಿಕ್ಕ ಪೆಟ್ಟಿಗೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ತಿರುಚಿನಾಪಳ್ಳಿಯ ಫಾದರ್ ನ್ಯೂಟನ್ ರೂಪಿಸಿದ್ದರು, ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ. ಪೆಟ್ಟಿಗೆಯ ಕಾಲುಗಳು ನೀರಿನ ಬಟ್ಟಲಲ್ಲಿರಬೇಕು, ಇಲ್ಲದಿದ್ದರೆ ಇರುವೆಯ ಪಾಲು. ವಾರಕ್ಕೊಮ್ಮೆ ತೆರೆದು ನೋಡುವ ಪುರುಸೊತ್ತಿಲ್ಲದವರು ಇಡದಿರುವುದೇ ಒಳ್ಳೆಯದು. ಮೇಣದ ಹುಳು ಹೊಕ್ಕರೆ ಆ ಪೆಟ್ಟಿಗೆ ಊರಿನ ಜೇನಿಗೆಲ್ಲ ಪೀಡೆ.

ಹೆಜ್ಜೇನಿನ ವಿಷಯದಲ್ಲಿ ಸದಸ್ಯರೊಡನೆ ನಮಗೆ ಜಗಳವಿದೆ. ತೋಟದ ಮರದಲ್ಲಿ ಹೆಜ್ಜೇನು ಕಟ್ಟಿತೆಂದರೆ ರಾತ್ರಿ ಸೀಮೆಎಣ್ಣೆಯ ಪಂಜು ಕಟ್ಟಿ ಸುಡುವುದೇ ವಾಡಿಕೆಯಾಗಿದೆ. ಹೆಜ್ಜೇನು ಎದ್ದರೆ ಪ್ರಾಣಕ್ಕೇ ಅಪಾಯ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಶಾಲೆಯ ಅಂಗಳದಲ್ಲೋ ಮನೆಯ ಬಾಗಿಲಲ್ಲೋ ಕಟ್ಟಿದರೆ ತಿಳಿದವರನ್ನು ಕರೆಸಿ ತೆಗೆಸಲೇಬೇಕು. ಆದರೆ ಜನ ಓಡಾಡದ ತೋಟದ ಮೂಲೆಯಲ್ಲಿ ಕಟ್ಟಿದ್ದನ್ನೂ ಯಾಕೆ ಸುಡಬೇಕು? ಅದು ಖಾಯಂ ಒಕ್ಕಲಲ್ಲ. ಹೂವಿನ ಕಾಲ ಮುಗಿದರೆ ಕೆಲವು ತಿಂಗಳಲ್ಲಿ ತಾನೇ ಎದ್ದುಹೋಗುತ್ತದೆ. ಈ ಬೆಟ್ಟಗಳಲ್ಲಿ ತಲೆತಲಾಂತರದಿಂದ ಜೇನು ಇಳಿಸುತ್ತ ಬಂದ ಇರುಳಿಗರಿಗೆ ಹುಳುವನ್ನು ಹೊಗೆಯಿಂದ ಸರಿಸಿ ತುಪ್ಪ ತೆಗೆಯುವುದು ಗೊತ್ತು. ಹತ್ತಿರ ಅಂಥವರಿದ್ದರೆ ಕೂಲಿ ಕೊಟ್ಟು ಕರೆಯಿರಿ.

ಕೊನೆಗೆ ಔಷಧಿ. ಮಾವಿನ ಜಿಗಿಹುಳುವಿಗೆ ಹೊಡೆಯುವುದಾದರೆ ಹೂಗೊಂಚಲು ಹೊರಡುವಾಗ, ಅರಳುವ ಮುನ್ನ. ಪೂರ್ತಿ ಅರಳಿದ ಮೇಲೆ ಬೇಡ. ಹೊಡೆಯಲೇಬೇಕಾದ ದಿನ ಸೂರ್ಯ ಮುಳುಗಿದ ಮೇಲೆ, ಜೇನು ಗೂಡು ಸೇರಿದ ನಂತರ. ಪುಡಿ ಎರಚುವುದು ಸಿಂಪರಣೆಗಿಂತ ಕೆಟ್ಟದ್ದು, ಅದು ಪರಾಗದ ಜೊತೆ ಗೂಡಿಗೇ ಹೋಗುತ್ತದೆ. ಇಮಿಡಾಕ್ಲೊಪ್ರಿಡ್‌ನಂಥ ಔಷಧಿಗಳು ಗಿಡದೊಳಗೇ ಹರಿದು ಮಕರಂದಕ್ಕೂ ಬರುವುದರಿಂದ ಸಂಜೆ ಹೊಡೆದ ಮಾತ್ರಕ್ಕೆ ಪೂರ್ತಿ ಪಾರಾಗುವುದಿಲ್ಲ; ಅದನ್ನೂ ಅದರ ಎರಡು ಸೋದರ ಔಷಧಿಗಳನ್ನೂ ಬಯಲು ಬೆಳೆಗಳಿಗೆ ಬಳಸದಂತೆ ಯೂರೋಪ್ ಒಕ್ಕೂಟ 2018ರಲ್ಲೇ ನಿಷೇಧಿಸಿದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮಿಶ್ರಣವನ್ನು ನಾವು ಈ ಸಾಲಿಗೆ ಸೇರಿಸುವುದಿಲ್ಲ.

ತುಡುವೆ ಒಂದು ಕಿಲೋಮೀಟರಿನಷ್ಟು ದೂರ ಹಾರಿ ಮೇಯುತ್ತದೆ. ಎಂದಮೇಲೆ ಒಬ್ಬರು ಎಚ್ಚರವಾಗಿದ್ದು ಸುತ್ತಲಿನ ಹತ್ತು ಮಂದಿ ಮನಸ್ಸು ಬಂದ ದಿನ ಹೊಡೆದರೆ ಪ್ರಯೋಜನ ಅಷ್ಟಕ್ಕಷ್ಟೇ. ಇಲ್ಲಿ ಸಹಕಾರ ಸಂಘದ ಕೆಲಸವಿದೆ. ಔಷಧಿಯನ್ನು ಮಾರುವುದೂ ಸಂಘದ ಮಳಿಗೆಗಳೇ ಆಗಿರುವಾಗ, ರಸೀತಿ ಹರಿದು ಕೊಡುವ ಗುಮಾಸ್ತರು "ಬೆಳೆ ಹೂವಿನಲ್ಲಿದೆಯೇ?" ಎಂದು ಒಂದು ಮಾತು ಕೇಳಿದರೆ ವ್ಯಾಪಾರ ಕೆಡುವುದಿಲ್ಲ, ಕೆಟ್ಟರೂ ಸದಸ್ಯರ ಸಂಘಕ್ಕೆ ಅದು ನಷ್ಟವಲ್ಲ. ಪ್ರತಿ ಊರಿನಲ್ಲೂ ಸಿಂಪರಣೆಯ ದಿನವನ್ನು ಹಿಂದಿನ ದಿನವೇ ನೆರೆಹೊರೆಗೆ ತಿಳಿಸುವ ಕಟ್ಟುಪಾಡಾಗಲಿ; ರೇಷ್ಮೆಯವರಿಗೂ ಅದು ಬೇಕಾದದ್ದೇ. ಮಾವು ಹೂ ಹೊರಡುವುದು ಡಿಸೆಂಬರ್-ಜನವರಿಯಲ್ಲಿ. ಅದಕ್ಕೆ ಮುಂಚಿನ ಮಾಸಿಕ ಸಭೆಯಲ್ಲೇ ಈ ಎರಡು ವಿಷಯಗಳು ಚರ್ಚೆಗೆ ಬರಬೇಕೆಂದು ನಾವು ಕೋರುತ್ತೇವೆ. ಹುಚ್ಚೆಳ್ಳು ಬಿತ್ತನೆ ಬೀಜ ಬೇಕಾದವರು ಆ ಸಭೆಗೆ ಬಂದಾಗ ಹೆಸರು ಬರೆಸಿದರೆ, ಇದ್ದವರಿಂದ ಇಲ್ಲದವರಿಗೆ ಸೇರು ಅರೆಸೇರು ಹಂಚಿಸಲು ಏರ್ಪಾಡು ಮಾಡಬಹುದು.