ಹುಡುಗ್ರು ಯಾಕ ನಿಲ್ಲಂಗಿಲ್ಲ?

"ಹುಡುಗ್ರು ನಿಲ್ಲೋದೇ ಇಲ್ಲ ಸಾರ್" ಅಂತ ನಮ್ಮ ಆಫೀಸಿನ ಕೆಳಗಿನ ಹೋಟೆಲ್ ಮಾಲೀಕರು ಗೋಳಾಡಿದರು. ಅವರ ಸಪ್ಲಾಯರ್, ಕ್ಲೀನರ್‌ಗಳೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳದವರು, ನಮ್ಮ ಕಡೆಯವರೇ. ಬೆಳಿಗ್ಗೆ 6ರಿಂದ ರಾತ್ರಿ 11ರ ತನಕ ನಿಂತೇ ಇರೋರಿಗೆ 'ನಿಲ್ಲೋದಿಲ್ಲ' ಅನ್ನೋದು ಯಾವ ನ್ಯಾಯ ರೀ?

ನಾನು ಕೆಲಸ ಬಿಡ್ತೀನಂದ್ರೆ ಎಚ್‌ಆರ್ ಬೋನಸ್ ಹಿಡಕೊಂಡು ಬರ್ತಾರೆ. ಆ ಹುಡುಗ ಕಾರಹುಣ್ಣಿಮೆಗೆ ಊರಿಗೆ ಹೋಗ್ತೀನಂದ್ರೆ ಪಗಾರ ಹಿಡೀತಾರೆ.

20 ಜನರಿದ್ದರೆ ಪಿಎಫ್, 10 ಜನರಿದ್ದರೆ ಇಎಸ್‌ಐ, ವಾರಕ್ಕೊಂದು ರಜೆ, 5 ವರ್ಷ ದುಡಿದರೆ ಗ್ರಾಚ್ಯುಟಿ. ಇವು ಧರ್ಮಕ್ಕೆ ಕೊಡೋದಲ್ಲ, ಕಾನೂನು.

ಕಾಯಕ ಅಂದ ಬಸವಣ್ಣ ಹುಟ್ಟಿದ್ದು ನಮ್ಮ ಬಸವನ ಬಾಗೇವಾಡಿಯಲ್ಲೇ. ಗಲ್ಲಾದ ಮೇಲಿನ ಆತನ ಫೋಟೋಕ್ಕೆ ದಿನಾ ಊದಿನಕಡ್ಡಿ, ದುಡಿಯೋನಿಗೆ ರಜೆಯಿಲ್ಲ.

ದೋಸೆಗೆ 5 ರೂಪಾಯಿ ಏರಿದ್ರೆ ಒಂದೇ ಸ್ಟಾರ್ ಒತ್ತೋ ನಾವೂ ಸಾಚಾ ಅಲ್ಲ ಬಿಡ್ರಿ.

ಹುಡುಗ ನಿಲ್ಲಬೇಕಾ? ಮೊದಲು ಅವನಿಗೆ ಕೂಡ್ಲಿಕ್ಕೆ ಜಾಗ ಕೊಡ್ರಿ.