ಟಗರು ಹಾಲು ಕೊಡುತ್ತದೆಯೇ?



ಕೆಲವು ವರ್ಷದ ಹಿಂದೆ ಸಾಲ ಮಾಡಿ ಜಾತ್ರೆಯಲ್ಲಿ ಒಂದು ಮಿಶ್ರತಳಿ ಹಸು ಕೊಂಡೆ. ದಲ್ಲಾಳಿ ಹೊತ್ತಿಗೆ ಎಂಟು ಲೀಟರ್ ಅಂದ. ಮನೆಗೆ ಬಂದ ಮೇಲೆ ನಾಲ್ಕು ದಾಟಲಿಲ್ಲ. ಇದರ ತಾಯಿ ಎಷ್ಟು ಕರೆಯುತ್ತಿತ್ತು ಅಂತ ಕೇಳಿದರೆ ಬರೆದಿಟ್ಟವರೇ ಇಲ್ಲ. ಹಸು ಬತ್ತಿತು, ಬಡ್ಡಿ ಮಾತ್ರ ಬತ್ತಲಿಲ್ಲ. ಈ ಗೋಳು ನನ್ನೊಬ್ಬನದಲ್ಲ ಅಂತ ನಿಮಗೂ ಗೊತ್ತು.

ಇದಕ್ಕೆ ಮದ್ದು ಫ್ರಾನ್ಸ್ ದೇಶದ ಕುರಿಹಟ್ಟಿಯಲ್ಲಿದೆ ಅಂದರೆ ನಗಬೇಡಿ. ನಮ್ಮಲ್ಲಿ ಕುರಿ ಅಂದರೆ ಮಾಂಸ, ಉಣ್ಣೆ, ಗೊಬ್ಬರ. ಆ ದೇಶದ ದಕ್ಷಿಣ ಭಾಗದಲ್ಲಿ ಲಕೋನ್ ಎಂಬ ಕುರಿಯನ್ನು ಹಾಲಿಗಾಗಿಯೇ ಸಾಕುತ್ತಾರೆ. ಅದರ ಹಾಲಿನಿಂದ ರೋಕಫೋರ್ ಎಂಬ ಚೀಸು ಆಗುತ್ತದೆ. 1925ರಲ್ಲೇ ಆ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು.

1960ರ ಸುಮಾರಿಗೆ ಈ ಕುರಿ ಒಂದು ಸೂಲಿಗೆ ಕೊಡುತ್ತಿದ್ದದ್ದು 80 ಲೀಟರ್ ಆಸುಪಾಸು. 1990ರ ದಶಕದ ಕೊನೆಗೆ ಅದು 270 ಲೀಟರ್ ಹತ್ತಿರ ಬಂತು. ಮೇವು, ಆರೈಕೆ ಸುಧಾರಿಸಿದ್ದು ಒಂದು ಕಾರಣ. ಇನ್ನೊಂದು ಕಾರಣ ಪುಸ್ತಕ ಮತ್ತು ಪೆನ್ನು! ಕುರಿ ಕುರಿಯ ಹಾಲನ್ನೂ ಅಳೆದು ಬರೆದರು. ಟಗರು ಹಾಲು ಕೊಡುತ್ತದೆಯೇ? ಇಲ್ಲ. ಆದರೆ ಅದರ ಹೆಣ್ಣುಮರಿಗಳು ಬೆಳೆದು ಎಷ್ಟು ಕರೆದವು ಅಂತ ನೋಡಿ ಅಪ್ಪನ ಯೋಗ್ಯತೆ ತೀರ್ಮಾನಿಸಿದರು. ಟಗರಿನ ಕೊಂಬು, ಮೈಕಟ್ಟು ನೋಡಿ ಮರುಳಾಗಲಿಲ್ಲ. ಒಳ್ಳೆಯ ಟಗರಿನ ವೀರ್ಯವನ್ನೇ ಹಟ್ಟಿ ಹಟ್ಟಿಗೆ ಹಂಚಿದರು.

ಆದರೆ ಅವರೂ ಎಡವಿದರು. ಬರೀ ಲೀಟರಿನ ಹಿಂದೆ ಬಿದ್ದಾಗ ಹಾಲು ತೆಳುವಾಗತೊಡಗಿತು. ಕುರಿ ಹಾಲಿನಲ್ಲಿ ಫ್ಯಾಟು ನೂರಕ್ಕೆ 7ರಷ್ಟು, ಪ್ರೋಟೀನು 5ಕ್ಕೂ ಮೇಲೆ. ಚೀಸು ಆಗುವುದು ಇವುಗಳಿಂದಲೇ ಹೊರತು ನೀರಿನಿಂದಲ್ಲ. ಅದಕ್ಕೇ 1980ರ ದಶಕದಲ್ಲಿ ಲೀಟರಿನ ಜೊತೆ ಫ್ಯಾಟು, ಪ್ರೋಟೀನುಗಳನ್ನೂ ಆಯ್ಕೆಯ ಲೆಕ್ಕಕ್ಕೆ ಸೇರಿಸಿದರು. 2000ದ ನಂತರ ಕೆಚ್ಚಲಿನ ಆಕಾರ, ಕೆಚ್ಚಲುಬಾವು ತಡೆಯುವ ಶಕ್ತಿಯನ್ನೂ ನೋಡತೊಡಗಿದರು. ಹಾಲು ಹೆಚ್ಚಿ ಕೆಚ್ಚಲು ಕೆಟ್ಟರೆ ಲಾಭವೇನು, ಸ್ವಾಮಿ?

ಫ್ಯಾಟಿನ ಗುಣ ತಾಯಿತಂದೆಯಿಂದ ಬಿಗಿಯಾಗಿ ಇಳಿದು ಬರುತ್ತದೆ. ಹಾಲಿನ ಮೊತ್ತ ಅಷ್ಟು ಬಿಗಿಯಾಗಿ ಬರೋದಿಲ್ಲ, ಮೇವು ಆರೈಕೆ ಅದನ್ನು ಏರಿಸುತ್ತದೆ, ಇಳಿಸುತ್ತದೆ. ಡೇರಿಯಲ್ಲಿ ಫ್ಯಾಟು ನೋಡಿ ದುಡ್ಡು ಕೊಡುವಾಗ, ಹಸು ಕೊಳ್ಳುವಲ್ಲಿ ನಾವು ಮಾತ್ರ ಲೀಟರ್ ಕೇಳಿ ಸುಮ್ಮನಾಗುವುದು ಯಾವ ನ್ಯಾಯ?

ಆದ್ದರಿಂದ ನನ್ನ ವಿನಂತಿ ಇಷ್ಟೆ. ಸೂಜಿ ಹಾಕಲು ಬಂದವರನ್ನು ಕೇಳಿ: ಈ ಹೋರಿಯ ಹೆಣ್ಣುಕರುಗಳು ದೊಡ್ಡವಾಗಿ ಎಷ್ಟು ಕರೆದಿವೆ, ಫ್ಯಾಟು ಎಷ್ಟಿದೆ? ಉತ್ತರ ಸಿಗುವ ತನಕ ಬಿಡಬೇಡಿ. ಮನೆಯಲ್ಲಿ ಹಸುವಿಗೊಂದು ಪುಸ್ತಕ ಇಡಿ. ಹೈಸ್ಕೂಲಿಗೆ ಹೋಗೋ ಮಗಳು ತಿಂಗಳಿಗೊಂದು ದಿನ ಎರಡು ಹೊತ್ತಿನ ಹಾಲು ಅಳೆದು ಬರೆದರೆ ಸಾಕು. ಲೆಕ್ಕ ಇಲ್ಲದ ರೈತನಿಗೆ ದಲ್ಲಾಳಿ ಹೇಳಿದ್ದೇ ಲೆಕ್ಕ. ಆ ಕಾಲ ಸಾಕು.